ಹತ್ತೊಂಬತ್ತು ವರದಿಗಳ ತಲೆಸಾಲು

ಹಿರಿಯಣ್ಣನಿಗೆ ಒಂದು ಹೆಮ್ಮೆಯಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಿಕೊಂಡವನಲ್ಲ. ಆದರೆ ಅವನ ಪಕ್ಕದಲ್ಲಿ ಐದು ನಿಮಿಷ ಕೂತವರಿಗೆಲ್ಲ ಅದು ತಾನಾಗಿ ಗೊತ್ತಾಗುತ್ತಿತ್ತು. ನೌಕಾಪಡೆಯಲ್ಲಿ ಹದಿನೈದು ವರ್ಷ ಸಂದೇಶ ಕಳಿಸುವ ಕೆಲಸ, ಆಮೇಲೆ ವಿಶಾಖಪಟ್ಟಣದ ‘ತೀರವಾರ್ತ’ ಎಂಬ ತೆಲುಗು ಪತ್ರಿಕೆಯ ಕಚೇರಿಯಲ್ಲಿ ಹತ್ತು ವರ್ಷ ಟೆಲಿಪ್ರಿಂಟರ್ ಕುಟ್ಟುವ ಕೆಲಸ. ಈ ಇಪ್ಪತ್ತೈದು ವರ್ಷದಲ್ಲಿ ತನ್ನ ಕೈಯಿಂದ ಹೊರಟ ಒಂದು ಸಂದೇಶವೂ ತಪ್ಪು ಜಾಗಕ್ಕೆ ಹೋಗಿಲ್ಲ ಎಂಬುದೇ ಆ ಹೆಮ್ಮೆ.

ಅವನು ತುಮಕೂರು ಜಿಲ್ಲೆಯ ಹುಳಿಯಾರು ಕಡೆಯವನು. ನೌಕಾಪಡೆ ಅವನನ್ನು ವಿಶಾಖಪಟ್ಟಣಕ್ಕೆ ತಂದು ಹಾಕಿತ್ತು. ಗಾಜುವಾಕದ ಎರಡು ಕೋಣೆಯ ಬಾಡಿಗೆ ಮನೆ ಅಲ್ಲೇ ಉಳಿಸಿಕೊಂಡಿತ್ತು. ಪತ್ರಿಕೆಯಲ್ಲಿ ಅವನ ಕೆಲಸ ನೋಡಿದವರು ಮೊದಲ ದಿನ ನಗುತ್ತಿದ್ದರು. ವರದಿಗಾರರು ತೆಲುಗಿನಲ್ಲಿ ಕೈಯಿಂದ ಬರೆದು ಕೊಡುವರು. ಆ ಯಂತ್ರಕ್ಕೋ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ. ಹಾಗಾಗಿ ಈ ಕನ್ನಡದವನು ತೆಲುಗು ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸಬೇಕು, ವಿಜಯವಾಡದ ಮುಖ್ಯ ಕಚೇರಿಯಲ್ಲಿ ಇನ್ಯಾರೋ ಅದನ್ನು ಮತ್ತೆ ತೆಲುಗು ಲಿಪಿಗೆ ಇಳಿಸಬೇಕು. ಹಿರಿಯಣ್ಣನಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಹಡಗಿನಲ್ಲಿ ಇದಕ್ಕಿಂತ ವಿಚಿತ್ರವಾದದ್ದನ್ನು ಕಳಿಸಿದ್ದ.

ಪ್ರತಿ ವರದಿಯ ನೆತ್ತಿಯ ಮೇಲೆ ಒಂದೇ ಒಂದು ಮಾತು ಇರಬೇಕಿತ್ತು. ಜನರಲ್, ಕ್ರೀಡೆ, ವಾಣಿಜ್ಯ, ಸಿನಿಮಾ, ಮಹಿಳಾ, ಇವುಗಳಲ್ಲಿ ಒಂದು. ಹಿರಿಯಣ್ಣ ಅದನ್ನು ತಲೆಸಾಲು ಎನ್ನುತ್ತಿದ್ದ. ವಿಜಯವಾಡದಲ್ಲಿ ಯಂತ್ರದಿಂದ ಕಾಗದ ಹರಿದುಕೊಳ್ಳುವವನು ಆ ಒಂದು ಮಾತು ನೋಡಿ ವರದಿಯನ್ನು ಆಯಾ ಟ್ರೇಗೆ ಹಾಕುತ್ತಿದ್ದ. ಕೆಳಗೆ ಏನು ಬರೆದಿದೆ ಎಂದು ಓದುವುದು ಅವನ ಕೆಲಸವಲ್ಲ.

ಎಂಬತ್ತೆಂಟರ ಸೆಪ್ಟೆಂಬರಿನಲ್ಲಿ ಆ ಕಚೇರಿಗೆ ಸುಮಿತ್ರಾ ಬಂದಳು. ವಿಶಾಖಪಟ್ಟಣದ ಆಫೀಸಿಗೆ ಮೊದಲ ಹೆಣ್ಣು ವರದಿಗಾರ್ತಿ. ವಿಜಯವಾಡದ ಆಡಳಿತದವರು ಕಾಲ ಬದಲಾಗುತ್ತಿದೆ ಎಂದು ಎಲ್ಲೋ ಕೇಳಿಸಿಕೊಂಡು ಅವಳನ್ನು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿದ್ದರು. ಕಾಲ ಬದಲಾದ ಸುದ್ದಿ ಆಫೀಸಿನ ಕಟ್ಟಡಕ್ಕೆ ಮಾತ್ರ ಮುಟ್ಟಿರಲಿಲ್ಲ. ಅಲ್ಲಿ ಇದ್ದದ್ದು ಒಂದೇ ಶೌಚಾಲಯ, ಅದರ ಬಾಗಿಲಿಗೆ ಚಿಲಕವಿಲ್ಲ. ಸುಮಿತ್ರಾ ಎರಡು ದಿನ ನೋಡಿದಳು. ಮೂರನೆಯ ದಿನ ಮನೆಯಿಂದ ಒಂದು ಚಿಲಕ, ನಾಲ್ಕು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ತಂದು, ಎಲ್ಲರೂ ನೋಡುತ್ತಿದ್ದಂತೆ ತಾನೇ ಹಾಕಿಕೊಂಡು, ಕೈ ತೊಳೆದು, ಬರೆಯಲು ಕೂತಳು. ಅವತ್ತೇ ಹಿರಿಯಣ್ಣ ಈ ಹುಡುಗಿಯ ಧೈರ್ಯಕ್ಕೆ ಮನಸೋತುಬಿಟ್ಟ.

ಅವಳೂ ಕನ್ನಡದವಳೇ. ಅಪ್ಪ ಹಾವೇರಿ ಕಡೆಯವರು, ನೌಕಾಪಡೆಯಿಂದ ನಿವೃತ್ತರಾಗಿ ಪೆಂದುರ್ತಿಯಲ್ಲಿ ಮನೆ ಕಟ್ಟಿಕೊಂಡವರು. ನೌಕಾಪಡೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿಗೆ ತೆಲುಗು ನೀರು ಕುಡಿದಷ್ಟು ಸಲೀಸು, ಮೇಲಿನ ಮನೆಯವರಿಂದ ಮಲಯಾಳ, ಎದುರು ಮನೆಯವರಿಂದ ಹಿಂದಿ. ಕನ್ನಡ ಮಾತ್ರ ಮನೆಯಲ್ಲಿ ಅಜ್ಜಿ ಆಡಿದಷ್ಟು, ಅದರಲ್ಲೂ ಅರ್ಧ ತೆಲುಗು. ಹಿರಿಯಣ್ಣನನ್ನು ಅಂಕಲ್ ಎಂದು ಕರೆಯುತ್ತಿದ್ದಳು. ವರದಿಗಳನ್ನಂತೂ ಅವಳು ಕಾಲಿನಿಂದ ಬರೆಯುತ್ತಿದ್ದಳು ಎನ್ನಬೇಕು, ಅಷ್ಟು ಓಡಾಡುತ್ತಿದ್ದಳು. ಬೇರೆಯವರು ಪತ್ರಿಕಾಗೋಷ್ಠಿಯಲ್ಲಿ ಬೋಂಡ ತಿಂದು ಬರುವಾಗ ಇವಳು ಗಾಜುವಾಕದ ನಲ್ಲಿಯ ಮುಂದೆ ಬೆಳಗಿನಿಂದ ಕೊಡ ಹಿಡಿದವರ ಸಾಲಿನಲ್ಲಿ ತಾನೂ ನಿಂತಿರುತ್ತಿದ್ದಳು.

ಮೊದಲ ವರದಿ ಕೈಗೆ ಬಂದಾಗ ಅದರ ನೆತ್ತಿ ಖಾಲಿಯಿತ್ತು. ಗಂಡಸು ವರದಿಗಾರರು ತಲೆಸಾಲನ್ನು ಕೆಂಪು ಪೆನ್ಸಿಲಿನಲ್ಲಿ ತಾವೇ ಬರೆದು ಕೊಡುತ್ತಿದ್ದರು. ಇವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಿರಿಯಣ್ಣ ಬ್ಯೂರೋ ಮುಖ್ಯಸ್ಥ ಈಶ್ವರಯ್ಯನವರನ್ನು ಕೇಳಿದ. ಈಶ್ವರಯ್ಯನವರು ಕೆಟ್ಟವರಲ್ಲ, ಮಳೆ ಬಂದರೆ ಅವಳಿಗೆ ತಮ್ಮ ಕೊಡೆ ಕೊಟ್ಟು ತಾವು ನೆನೆದುಕೊಂಡು ಹೋಗುವಂಥವರು. ಅವರು ತಲೆಯೆತ್ತದೆ, ಆ ಅಮ್ಮಾಯಿ ಬರೆದದ್ದಕ್ಕೆ ಮಹಿಳಾ ಅಂತಲ್ಲದೆ ಇನ್ನೇನು ಹಾಕುತ್ತೀರಿ ಎಂದರು. ಹಿರಿಯಣ್ಣ ಮಹಿಳಾ ಎಂದು ಹಾಕಿದ. ಮಾರನೆಯ ದಿನವೂ ಹಾಕಿದ. ಆಮೇಲೆ ಕೇಳಲೂ ಇಲ್ಲ, ಯೋಚಿಸಲೂ ಇಲ್ಲ. ಅವಳ ಕೈಬರಹ ಕಂಡರೆ ಬೆರಳು ತಾನೇ ಆ ಮಾತನ್ನು ಕುಟ್ಟಿಬಿಡುತ್ತಿತ್ತು.

ವರದಿಯನ್ನು ಮಾತ್ರ ಅವನು ಸವಿದು ಸವಿದು ಕುಟ್ಟುತ್ತಿದ್ದ. ಮಧ್ಯಾಹ್ನ ಮನೆಗೆ ಹೋಗಿ ಊಟಕ್ಕೆ ಕೂತಾಗ ಹೆಂಡತಿ ಸುಶೀಲಮ್ಮನಿಗೆ ಅವತ್ತಿನ ವರದಿಯನ್ನು ಸಾಲುಸಾಲಾಗಿ ಹೇಳುತ್ತಿದ್ದ. ಸುಶೀಲಮ್ಮನಿಗೆ ಇಪ್ಪತ್ತು ವರ್ಷವಾದರೂ ತೆಲುಗು ಓದಲು ಬಂದಿರಲಿಲ್ಲ; ಅವಳ ಪಾಲಿಗೆ ಗಂಡನ ಬಾಯೇ ಪತ್ರಿಕೆ. ಪೆಂದುರ್ತಿಯ ಶಾಲೆಯ ಅಂಗಳದಲ್ಲಿ ಮುಚ್ಚಳವಿಲ್ಲದ ಬಾವಿಯ ಕಥೆ ಕೇಳಿ ಅವಳು ಅನ್ನ ಬಡಿಸುವುದನ್ನೇ ಮರೆತಿದ್ದಳು.

ಆದರೆ ಆ ವರದಿಗಳು ಪತ್ರಿಕೆಯಲ್ಲಿ ಬರಲಿಲ್ಲ. ಶನಿವಾರದ ಮಹಿಳಾ ಪುಟದಲ್ಲಿ ಎರಡು ಸಲ ಏನೋ ಬಂತು. ಗಾಜುವಾಕದ ನೀರಿನ ಬವಣೆಯ ವರದಿ ಅಲ್ಲಿ ‘ಕೊಡದ ನೀರು ಕೆಡದಂತೆ ಇಡುವುದು ಹೇಗೆ’ ಎಂಬ ಆರು ಸಾಲಾಗಿತ್ತು. ಸುಮಿತ್ರಾ ಅದನ್ನು ಓದಿ ನಕ್ಕು, ಮತ್ತೆ ಬರೆದಳು. ವಿಜಯವಾಡದವರಿಗೆ ಹಿಡಿಸುತ್ತಿಲ್ಲವಮ್ಮ ಎಂದು ಈಶ್ವರಯ್ಯ ಸಮಾಧಾನ ಹೇಳುವರು. ಹಿರಿಯಣ್ಣನೂ ವಿಜಯವಾಡದವರನ್ನು ಮನಸಾರೆ ಬೈದುಕೊಳ್ಳುತ್ತಿದ್ದ. ಅವನು ಬೈದದ್ದು ಯಾರನ್ನೆಂದು ಮುಂದೆ ನೋಡಿ.

ಹೀಗೆ ಐದು ತಿಂಗಳು ಕಳೆದು ಫೆಬ್ರುವರಿ ಬಂತು. ಒಂದು ಮಂಗಳವಾರ ಬೆಳಿಗ್ಗೆ ಮೀನುಗಾರಿಕೆ ಬಂದರಿನ ಹತ್ತಿರ ಸೀಗಡಿ ಸುಲಿದು ಮಂಜುಗಡ್ಡೆಯಲ್ಲಿಟ್ಟು ಹೊರದೇಶಕ್ಕೆ ಕಳಿಸುವ ಒಂದು ಶೆಡ್ಡಿನಲ್ಲಿ ಅಮೋನಿಯ ಸೋರಿತು. ಮಾಲೀಕರ ಕಡೆಯವರು ಮಧ್ಯಾಹ್ನವೇ ಎಲ್ಲ ಪತ್ರಿಕೆಗಳಿಗೂ ಒಂದು ಚೀಟಿ ಕಳಿಸಿದರು. ಸಣ್ಣ ಸೋರಿಕೆ, ಯಾರಿಗೂ ತೊಂದರೆಯಿಲ್ಲ. ಈಶ್ವರಯ್ಯ ಅದನ್ನು ಎರಡು ಸಾಲು ಮಾಡಿ, ಜನರಲ್ ಎಂದು ತಲೆಸಾಲು ಹಾಕಿ ಕೊಟ್ಟರು. ಬುಧವಾರ ಅದು ಅಚ್ಚಾಯಿತು.

ಸುಮಿತ್ರಾ ಮಾತ್ರ ಮಂಗಳವಾರ ಸಂಜೆ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹೋಗಿದ್ದಳು. ಬೇರೆ ಪತ್ರಿಕೆಗಳ ಇಬ್ಬರು ಮೂವರು ಗಂಡಸರೂ ಹೋಗಿದ್ದರಂತೆ. ಹೆಂಗಸರ ವಾರ್ಡಿಗೆ ಈ ಹೊತ್ತಿನಲ್ಲಿ ಗಂಡಸರನ್ನು ಬಿಡುವಂತಿಲ್ಲ ಎಂದು ದಾದಿಯರು ಬಾಗಿಲಲ್ಲೇ ತಡೆದರು. ಅವರು ಚಹಾ ಕುಡಿದು ವಾಪಸು ಹೋದರು. ಇವಳು ಸೀದಾ ಒಳಗೆ ಹೋದಳು. ಅಲ್ಲಿ ಹದಿನಾಲ್ಕು ಹುಡುಗಿಯರು ಸಾಲಾಗಿ ಮಲಗಿದ್ದರು, ಕಣ್ಣು ಕೆಂಪಗೆ, ಗಂಟಲು ಕಟ್ಟಿ. ಎಲ್ಲರೂ ಕೇರಳದಿಂದ ಬಂದ ಸೀಗಡಿ ಸುಲಿಯುವವರು, ಒಬ್ಬರಿಗೂ ತೆಲುಗು ಬಾರದು. ಸುಮಿತ್ರಾ ಒಂದು ಮಂಚದ ತುದಿಯಲ್ಲಿ ಕೂತು ಮಲಯಾಳದಲ್ಲಿ ಊಟ ಮಾಡಿದಿರಾ ಎಂದು ಕೇಳಿದಳು. ಅಷ್ಟೇ ಸಾಕಾಯಿತು. ಶೆಡ್ಡಿಗೆ ಹೊರಗಿನಿಂದ ಬೀಗ ಹಾಕಿತ್ತು ಎಂಬುದು, ಬೀಗ ತೆಗೆಯುವವನು ಬರಲು ಇಪ್ಪತ್ತು ನಿಮಿಷವಾಯಿತು ಎಂಬುದು, ಒಳಗಿದ್ದವರು ಮಂಜುಗಡ್ಡೆಯ ನೀರಿನಲ್ಲಿ ಸೆರಗು ಅದ್ದಿ ಮೂಗಿಗೆ ಹಿಡಿದು ಬದುಕಿಕೊಂಡರು ಎಂಬುದು, ಎಲ್ಲವೂ ಹೊರಬಂತು. ಮಾಲೀಕರು ಅವರೆಲ್ಲರನ್ನೂ ಭಾನುವಾರದ ರೈಲಿಗೆ ಊರಿಗೆ ಸಾಗಹಾಕಲು ಟಿಕೆಟ್ ತೆಗೆಸಿದ್ದರು. ಶನಿವಾರ ಮಧ್ಯಾಹ್ನ ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುವವನಿದ್ದ. ಅಷ್ಟರೊಳಗೆ ಪತ್ರಿಕೆಯಲ್ಲಿ ಬಾರದಿದ್ದರೆ ಅವನು ಮಾಲೀಕರ ಕಾಗದ ನೋಡಿ ಸಹಿ ಹಾಕಿ ಹೋಗುತ್ತಾನೆ, ಭಾನುವಾರ ಹುಡುಗಿಯರು ಹೋಗುತ್ತಾರೆ, ಬೀಗದ ವಿಷಯ ಅಲ್ಲಿಗೆ ಮುಗಿಯುತ್ತದೆ.

ಬುಧವಾರ ಬೆಳಿಗ್ಗೆ ಅವಳು ಮತ್ತೆ ವಾರ್ಡಿಗೆ ಹೋಗಿ ಒಬ್ಬೊಬ್ಬರ ಹೆಸರು, ಊರು ಸರಿನೋಡಿಕೊಂಡು, ಮಧ್ಯಾಹ್ನದೊಳಗೆ ವರದಿ ಕೊಟ್ಟಳು. ಹಿರಿಯಣ್ಣ ಕುಟ್ಟುತ್ತ ಕುಟ್ಟುತ್ತ ಎರಡು ಸಲ ಕನ್ನಡಕ ಒರೆಸಿಕೊಂಡ. ಅವತ್ತು ಊಟಕ್ಕೆ ಕೂತಾಗ ಸುಶೀಲಮ್ಮನಿಗೆ ಹದಿನಾಲ್ಕು ಹೆಸರನ್ನೂ ಹೇಳಿದ.

ಗುರುವಾರದ ಪತ್ರಿಕೆ ಬಂತು. ಮೊದಲ ಪುಟದಲ್ಲಿ ಒಬ್ಬ ನಟನ ಚಿತ್ರಕ್ಕೆ ನೂರು ದಿನವಾದ ಮೆರವಣಿಗೆ, ಅರ್ಧ ಪುಟ. ಒಳಗೆಲ್ಲ ಹುಡುಕಿದರೂ ಸುಮಿತ್ರಾಳ ವರದಿಯಿಲ್ಲ. ಈಶ್ವರಯ್ಯನವರು ಅವಳನ್ನು ಕರೆದು, ಕಷ್ಟಪಟ್ಟುಕೊಂಡೇ ಒಂದು ಕಾಗದ ಕೊಟ್ಟರು. ಐದು ತಿಂಗಳಲ್ಲಿ ಮುಖ್ಯ ಪುಟಗಳಲ್ಲಿ ಒಂದು ವರದಿಯೂ ಬಂದಿಲ್ಲವಾದ್ದರಿಂದ ತಿಂಗಳ ಕೊನೆಗೆ ಅವಳ ಕೆಲಸ ಮುಗಿಯುತ್ತದೆ ಎಂದು ಅದರಲ್ಲಿತ್ತು. ಸುಮಿತ್ರಾ ನಿಂತಲ್ಲೇ ಓದಿದಳು. ಮಡಚಿ ಚೀಲದೊಳಗಿಟ್ಟಳು. ಹೊರಡುವಾಗ ಯಂತ್ರದ ಹತ್ತಿರ ನಿಂತು, ಆಸ್ಪತ್ರೆಗೆ ಹೋಗಿ ಬರುತ್ತೇನೆ, ಆ ಹುಡುಗಿಯರಿಗೆ ಗಂಜಿ ಮಾಡಿಕೊಂಡು ಬರುತ್ತೇನೆ ಅಂದಿದ್ದೆ ಎಂದು ಹೇಳಿ ಹೋದಳು. ಕೆಲಸ ಹೋದ ಕಾಗದ ಚೀಲದಲ್ಲಿ, ಗಂಜಿಯ ಡಬ್ಬಿ ಕೈಯಲ್ಲಿ. ಹಿರಿಯಣ್ಣ ಆ ಬೆನ್ನನ್ನೇ ನೋಡುತ್ತ ಕೂತ. ಇಂಥ ಹುಡುಗಿಯ ವರದಿ ಎಸೆಯುವ ಮಹಾಶಯ ಯಾರು ಎಂದು ಮನಸ್ಸಿನಲ್ಲೇ ಬೈದುಕೊಂಡ.

ಬೈದುಕೊಳ್ಳುತ್ತಲೇ ಅವನು ಬುಧವಾರದ ಕಾಗದದ ರೋಲ್ ಬಿಚ್ಚಿದ. ಕಳಿಸಿದ್ದೆಲ್ಲ ಯಂತ್ರದಲ್ಲಿ ಒಂದು ಪ್ರತಿಯಾಗಿ ಉಳಿಯುತ್ತದೆ. ಎಲ್ಲಾದರೂ ಅಕ್ಷರ ಕೆಟ್ಟು ಓದಲಾಗದೆ ಹೋಯಿತೋ ಏನೋ ಎಂದು ನೋಡಿದ. ಒಂದಕ್ಷರವೂ ಕೆಟ್ಟಿರಲಿಲ್ಲ. ಎಲ್ಲಕ್ಕಿಂತ ಮೇಲೆ, ಅಚ್ಚುಕಟ್ಟಾಗಿ, ಅವನದೇ ಬೆರಳಿನಲ್ಲಿ, ‘ಮಹಿಳಾ’ ಎಂದಿತ್ತು.

ಬೀಗ ಹಾಕಿದ ಶೆಡ್ಡಿನ ಸುದ್ದಿ ಉಪ್ಪಿನಕಾಯಿ, ರಂಗೋಲಿಗಳ ಟ್ರೇಗೆ ಹೋಗಿ ಬಿದ್ದಿತ್ತು. ಸುದ್ದಿ ವಿಭಾಗದವರು ಅದನ್ನು ಎಸೆದಿರಲಿಲ್ಲ, ನೋಡಿಯೇ ಇರಲಿಲ್ಲ. ಅವನು ಕಪಾಟು ತೆಗೆದು ಹಳೆಯ ರೋಲುಗಳನ್ನು ಒಂದೊಂದಾಗಿ ಬಿಚ್ಚಿದ. ನಲ್ಲಿ ನೀರು, ಮಹಿಳಾ. ಶಾಲೆಯ ಬಾವಿ, ಮಹಿಳಾ. ಬಂದರಿನ ಹಮಾಲರ ಮುಷ್ಕರಕ್ಕೂ ಮಹಿಳಾ, ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಒಟ್ಟು ಹತ್ತೊಂಬತ್ತು ವರದಿ. ಐದು ತಿಂಗಳಿಂದ ಅವನು ಬೈಯುತ್ತಿದ್ದ ಮಹಾಶಯ ಅವನೇ.

ಯಾರಿಗೂ ಗೊತ್ತಿರಲಿಲ್ಲ. ರೋಲುಗಳನ್ನು ಸುತ್ತಿ ಕಪಾಟಿಗೆ ಸೇರಿಸಿದರೆ ಯಾವತ್ತೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಯೋಚನೆ ಅವನಿಗೆ ಬರಲಿಲ್ಲ ಎಂದರೆ ಸುಳ್ಳಾದೀತು; ಬಂತು, ಊಟಕ್ಕೆ ಮನೆ ತಲುಪುವವರೆಗೂ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂತು. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತ, ಕಲಸುತ್ತಲೇ ಇದ್ದು, ಕೊನೆಗೆ ಸುಶೀಲಮ್ಮನಿಗೆ ಎಲ್ಲ ಹೇಳಿದ. ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದುರಿಗೆ ಕೂತಳು.

“ಐದು ತಿಂಗ್ಳಿಂದ ಆ ಮಗು ಊರೆಲ್ಲ ಸುತ್ತಿ ಬರೀತು. ನೀವು ದಿನಾ ಊಟಕ್ಕೆ ಕೂತ್ಕಂಡು ನಂಗೆ ಹೇಳಿದ್ರಿ. ಅಂದ್ರೆ, ಅಷ್ಟೂ ನಾನೊಬ್ಬಳೇ ಕೇಳಿದ್ದು ಅಂತಾಯ್ತು.”

ಹಿರಿಯಣ್ಣ ಕೈ ತೊಳೆದು ಎದ್ದ.

ಆಫೀಸಿಗೆ ಮರಳಿ, ಮೊದಲು ವಿಜಯವಾಡಕ್ಕೆ ಟ್ರಂಕ್ ಕಾಲ್ ಮಾಡಿದ. ಸುದ್ದಿ ವಿಭಾಗದಲ್ಲಿ ಫೋನು ಎತ್ತಿದವನು, ಮಹಿಳಾ ಅಂತ ಬಂದದ್ದೆಲ್ಲ ಕೆಳಗಿನ ಮಹಡಿಗೆ ಹೋಗುತ್ತದೆ ಸ್ವಾಮಿ, ನಮಗೂ ಅದಕ್ಕೂ ಸಂಬಂಧವಿಲ್ಲ, ಬೇಕಾದರೆ ನಿಮ್ಮ ಬ್ಯೂರೋ ಮುಖ್ಯಸ್ಥರಿಂದ ಬರೆಸಿ ಕಳಿಸಿ ಎಂದು ಇಟ್ಟುಬಿಟ್ಟ. ಈಶ್ವರಯ್ಯನವರೋ, ಯಾರಿಗೂ ತೊಂದರೆಯಿಲ್ಲ ಎಂದು ತಾವೇ ಕಳಿಸಿ ಅಚ್ಚಾದದ್ದಕ್ಕೆ ಎದುರಾಗಿ ಹೇಗೆ ಬರೆದು ಕೊಟ್ಟಾರು? ಆಗದೆಂದು ತಲೆ ಅಲ್ಲಾಡಿಸಿದರು. ಶುಕ್ರವಾರ ಬೆಳಗಿನ ರೈಲಿಗೆ ಹಿರಿಯಣ್ಣ ಹೇಳದೆ ಕೇಳದೆ ಹತ್ತಿದ. ಹತ್ತೊಂಬತ್ತು ರೋಲುಗಳಿಂದ ಕತ್ತರಿಸಿದ ವರದಿಗಳು ಒಂದು ಬಟ್ಟೆಯ ಚೀಲದಲ್ಲಿ, ಸುಶೀಲಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಇನ್ನೊಂದರಲ್ಲಿ. ರಜೆ ಹಾಕದೆ ಆಫೀಸು ಬಿಟ್ಟದ್ದು ಅವನ ಜೀವನದಲ್ಲಿ ಅದೇ ಮೊದಲು.

ಮಧ್ಯಾಹ್ನ ಕಳೆದು ವಿಜಯವಾಡದಲ್ಲಿ ಇಳಿದು, ಒನ್ ಟೌನ್ ಎಂಬ ಪೇಟೆಯ ಮೆಣಸಿನಕಾಯಿ ಮಂಡಿಗಳ ನಡುವೆ ಸೀನುತ್ತ ಸೀನುತ್ತ ಮುಖ್ಯ ಕಚೇರಿ ಹುಡುಕಿದ. ಹತ್ತು ವರ್ಷದಿಂದ ದಿನವೂ ಮಾತಾಡಿದ ಊರು, ಮುಖ ನೋಡಿದ್ದು ಮೊದಲ ಸಲ. ಕೆಳಗಿನ ಮಹಡಿಯ ಒಂದು ಮೂಲೆಯಲ್ಲಿ ಮಹಿಳಾ ಪುಟದ ಸೀತಾಮಹಾಲಕ್ಷ್ಮಿಯವರು ಕೂತಿದ್ದರು. ಐವತ್ತು ದಾಟಿದ ಹೆಂಗಸು, ಹಣೆಯಲ್ಲಿ ಕಾಸಗಲ ಕುಂಕುಮ, ಹನ್ನೆರಡು ವರ್ಷದಿಂದ ಉಪ್ಪಿನಕಾಯಿಯನ್ನೂ ಹಸೆಯ ಚಿತ್ರವನ್ನೂ ಒಬ್ಬರೇ ಅಚ್ಚು ಹಾಕಿಸಿದವರು. ಹಿರಿಯಣ್ಣ ತಾನು ಯಾರೆಂದು ಹೇಳಿದ. ಅವರು ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಮೇಜಿನ ಕೆಳಗಿನ ಖಾನೆಯಿಂದ ಒಂದು ಕಟ್ಟು ತೆಗೆದಿಟ್ಟರು. ಗುಂಡುಪಿನ್ನು ಚುಚ್ಚಿದ ಹದಿನೆಂಟು ವರದಿಗಳು. ಪ್ರತಿಯೊಂದರ ಮೇಲೂ, ಇದು ಸುದ್ದಿ ಪುಟಕ್ಕೆ ಸೇರಿದ್ದು, ದಯವಿಟ್ಟು ನೋಡಿ ಎಂದು ಅವರದೇ ಕೈಬರಹ. ಪ್ರತಿಯೊಂದೂ ಮೇಲಿನ ಮಹಡಿಗೆ ಹೋಗಿ, ಓದದೆಯೇ ವಾಪಸು ಬಂದದ್ದು. ಎರಡನ್ನಾದರೂ ಉಳಿಸೋಣವೆಂದು ಕತ್ತರಿಸಿ ನನ್ನ ಪುಟದಲ್ಲಿ ತುರುಕಿದ್ದೆ, ಆ ಹುಡುಗಿ ನನಗೆ ಶಾಪ ಹಾಕಿರಬೇಕು ಎಂದರು. ಹತ್ತೊಂಬತ್ತನೆಯದು ಎಲ್ಲಿ ಎಂದು ಹಿರಿಯಣ್ಣ ಕೇಳಿದ. ಅವರು ಎದುರಿನ ಗೋಡೆ ತೋರಿಸಿದರು. ಸೀಗಡಿ ಶೆಡ್ಡಿನ ವರದಿ ಪೂರ್ತಿಯಾಗಿ ಅಕ್ಷರ ಜೋಡಣೆಯಾಗಿ, ಪುಟಕ್ಕೆ ಅಂಟಿಸಲು ಸಿದ್ಧವಾಗಿ, ಉದ್ದಕ್ಕೆ ನೇತಾಡುತ್ತಿತ್ತು. ಯಾವ ಪುಟದಲ್ಲೂ ಜಾಗವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಆ ತಾಯಿ ಅದನ್ನು ಮಾಡಿಸಿ ಇಟ್ಟುಕೊಂಡಿದ್ದರು. ಹಿರಿಯಣ್ಣನಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಇಬ್ಬರೂ ಮೆಟ್ಟಿಲು ಹತ್ತಿ ಸುದ್ದಿ ಸಂಪಾದಕ ಗೋಪಾಲಕೃಷ್ಣರ ಮುಂದೆ ನಿಂತರು. ಅವರು ಚುರುಕು ಮನುಷ್ಯ, ನಿಂತೇ ಓದುವವರು, ವರದಿಯನ್ನು ಒಂದೇ ಉಸಿರಿಗೆ ಓದಿದರು. ಇನ್ನೊಮ್ಮೆ ಓದಿದರು. ಚೆನ್ನಾಗಿದೆ ಎಂದರು. ಆಮೇಲೆ ಬುಧವಾರದ ಪತ್ರಿಕೆ ತೆರೆದು ಆ ಎರಡು ಸಾಲಿನ ಮೇಲೆ ಬೆರಳಿಟ್ಟರು. ಯಾರಿಗೂ ತೊಂದರೆಯಿಲ್ಲ ಎಂದು ನಾವೇ ಅಚ್ಚು ಹಾಕಿದ್ದೇವೆ, ಈಗ ಹದಿನಾಲ್ಕು ಜನ ಆಸ್ಪತ್ರೆಯಲ್ಲಿದ್ದಾರೆ ಎಂದರೆ ನಮ್ಮ ಕೆನ್ನೆಗೆ ನಾವೇ ಹೊಡೆದುಕೊಂಡಂತೆ. ಬೇರೆ ಪತ್ರಿಕೆಗಳು ಸುಮ್ಮನಿರುವಾಗ ನಾವೇಕೆ ತಪ್ಪು ಒಪ್ಪಿಕೊಳ್ಳಬೇಕು ಎಂದು ಕೇಳಿದರು.

ಹಿರಿಯಣ್ಣ ಇಂಥ ಕೋಣೆಗಳಲ್ಲಿ ಮಾತಾಡಿ ಅಭ್ಯಾಸವಿದ್ದವನಲ್ಲ. ಆದರೂ ಅವನ ಬೆನ್ನು ತಾನಾಗಿ ನೆಟ್ಟಗಾಯಿತು, ಹಡಗಿನ ಮೇಲೆ ಆಗುತ್ತಿದ್ದಂತೆ.

“ಸಾರ್, ನೌಕಾಪಡೆಯಲ್ಲಿ ತಪ್ಪು ಕಳಿಸಿದರೆ ಎಂಟು ಸಲ ಇಂಗ್ಲಿಷಿನ ಇ ಅಕ್ಷರ ಹೊಡೀತೀವಿ. ತಪ್ಪಾಯ್ತು ಅಂತ ಅರ್ಥ. ಆಮೇಲೆ ಸರಿಯಾದದ್ದು ಕಳಿಸ್ತೀವಿ, ಕೆಳಗೆ ನಮ್ಮ ಗುರುತು ಹಾಕ್ತೀವಿ. ಇ ಹೊಡೆದವನಿಗೆ ಅಲ್ಲಿ ಶಿಕ್ಷೆ ಇಲ್ಲ. ಗೊತ್ತಿದ್ದೂ ಹೊಡೀದೆ ಇದ್ದವನಿಗೆ ಇದೆ.” ಅವನು ಚೀಲದಿಂದ ಹತ್ತೊಂಬತ್ತು ವರದಿಗಳನ್ನೂ ತೆಗೆದು ಮೇಜಿನ ಮೇಲಿಟ್ಟ. “ಇವಿಷ್ಟಕ್ಕೂ ತಲೆಸಾಲು ಹಾಕಿದ್ದು ನಾನು. ಹುಡುಗಿದು ಏನೂ ತಪ್ಪಿಲ್ಲ. ನನ್ನ ಗುರುತು ಹಾಕಿಕೊಳ್ಳಿ.”

ಗೋಪಾಲಕೃಷ್ಣರು ವರದಿಗಳನ್ನು ಮಗುಚುತ್ತ ಹೋದರು. ಮುಷ್ಕರ ಬಂದಾಗ ನಿಂತರು. ಈ ಮುಷ್ಕರಕ್ಕೆ ವಿಶಾಖಪಟ್ಟಣದಿಂದ ಯಾರೂ ಬರೆದೇ ಇಲ್ಲ ಎಂದು ಈಶ್ವರಯ್ಯನವರಿಗೆ ಕಾಗದ ಹಾಕಿದ್ದು ಅವರಿಗೇ ನೆನಪಾಯಿತೋ ಏನೋ, ಮುಖ ಕೆಂಪಾಯಿತು. ಅಷ್ಟರಲ್ಲಿ ಸೀತಾಮಹಾಲಕ್ಷ್ಮಿಯವರು, ಸುದ್ದಿ ಪುಟದಲ್ಲಿ ಜಾಗವಿಲ್ಲದಿದ್ದರೆ ಬೇಡ ಬಿಡಿ, ನಾಳೆ ಶನಿವಾರ, ನನ್ನ ಪುಟವಿದೆ, ಮಾವಿನಶುಂಠಿ ಉಪ್ಪಿನಕಾಯಿಯನ್ನು ಕಿತ್ತು ಅಲ್ಲಿ ಇದನ್ನು ಅಂಟಿಸುತ್ತೇನೆ, ಹುಡುಗಿಯ ಹೆಸರನ್ನೂ ಹಾಕುತ್ತೇನೆ, ಬೇಕಾದರೆ ನನಗೂ ಒಂದು ಕಾಗದ ಕೊಡಿ ಎಂದರು. ದನಿ ಏರಿಸಲಿಲ್ಲ. ಅಡುಗೆಯ ಅಳತೆ ಹೇಳಿದಷ್ಟೇ ನಿಧಾನವಾಗಿ ಹೇಳಿದರು. ಹನ್ನೆರಡು ವರ್ಷದಲ್ಲಿ ಅವರು ಆ ಮಹಡಿಗೆ ಬಂದು ಏನನ್ನಾದರೂ ಕೇಳಿದ್ದು ಅದೇ ಮೊದಲಂತೆ.

ಶನಿವಾರದ ‘ತೀರವಾರ್ತ’ದ ಮೊದಲ ಪುಟದಲ್ಲಿ ವರದಿ ಬಂತು. ನಟನ ಇನ್ನೊಂದು ಮೆರವಣಿಗೆ ಒಳಪುಟಕ್ಕೆ ಸರಿದಿತ್ತು. ಮೇಲೆ ಸುಮಿತ್ರಾ ಎಂದು ಹೆಸರು, ಕೆಳಗೆ ಸಣ್ಣ ಚೌಕದಲ್ಲಿ ಬುಧವಾರದ ಸುದ್ದಿ ತಪ್ಪಾಗಿತ್ತು ಎಂದು ಮೂರು ಸಾಲು. ಉಪ್ಪಿನಕಾಯಿಯೂ ತನ್ನ ಜಾಗದಲ್ಲಿ ಕ್ಷೇಮವಾಗಿತ್ತು. ಹಿರಿಯಣ್ಣ ಪತ್ರಿಕೆಯ ಕಟ್ಟುಗಳ ಜೊತೆಗೇ ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ಇಳಿದ. ಕಾರ್ಮಿಕ ಇಲಾಖೆಯ ಅಧಿಕಾರಿ ಮಧ್ಯಾಹ್ನ ಮಾಲೀಕರ ಕಚೇರಿಗೆ ಹೋಗದೆ, ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಸೀದಾ ವಾರ್ಡಿಗೆ ಬಂದ. ಸುಮಿತ್ರಾ ಮಂಚದಿಂದ ಮಂಚಕ್ಕೆ ಹೋಗಿ ಒಬ್ಬೊಬ್ಬರ ಮಾತನ್ನೂ ತೆಲುಗಿಗೆ ತಿರುಗಿಸಿ ಹೇಳಿದಳು. ಹದಿನಾಲ್ಕು ಹೇಳಿಕೆಯೂ ಬರಹಕ್ಕಿಳಿಯಿತು. ಭಾನುವಾರದ ಟಿಕೆಟ್ಟುಗಳು ರದ್ದಾದವು. ಅವಳ ಕೆಲಸ ಮುಗಿಸುವ ಕಾಗದವನ್ನು ವಾಪಸು ಪಡೆಯಬೇಕೆಂದು ಯಂತ್ರದಲ್ಲಿ ಒಂದು ಸಂದೇಶ ಬಂತು. ಹಿರಿಯಣ್ಣನಿಗೆ ರಜೆ ಹಾಕದೆ ಹೋದ ತಪ್ಪಿಗೆ ಮೆಮೊ ಕೊಡಬೇಕೆಂದು ಅದರ ಬೆನ್ನಿಗೇ ಇನ್ನೊಂದು. ಎರಡನ್ನೂ ಅವನೇ ಯಂತ್ರದಿಂದ ಹರಿದುಕೊಂಡು ಈಶ್ವರಯ್ಯನವರ ಮೇಜಿಗೆ ತಲುಪಿಸಿದ.

ಸುಮಿತ್ರಾ ಸಂಜೆಗೆ ಮುಂಚೆ ಆಫೀಸಿಗೆ ಬಂದಳು. ಎಲ್ಲರೂ ಕೈಕುಲುಕಿದರು. ಹಿರಿಯಣ್ಣ ಅವಳನ್ನು ಕೂರಿಸಿಕೊಂಡು ಹತ್ತೊಂಬತ್ತು ವರದಿಗಳನ್ನೂ ಅವಳ ಮುಂದಿಟ್ಟು, ಮೊದಲ ದಿನದಿಂದ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ವಿಜಯವಾಡದಲ್ಲಿ ಹೇಳಿದ್ದಕ್ಕಿಂತ ಇದು ಕಷ್ಟವಾಗಿತ್ತು. ಅವಳು ಒಂದೊಂದು ಹಾಳೆಯ ನೆತ್ತಿಯನ್ನೂ ನೋಡುತ್ತ ಹೋದಳು.

“ಹತ್ತೊಂಬತ್ತೂ ಏನ್ರಿ, ಅಂಕಲ್?”

ಅವನು ತಲೆಯಾಡಿಸಿದ.

“ನಂಗ್ ಬರೀಲಿಕ್ಕೆ ಬರಂಗಿಲ್ಲ ಅನ್ಕೊಂಡಿದ್ದೆ ನಾನು.” ಅವಳು ಹಾಳೆಗಳನ್ನು ಜೋಡಿಸಿದಳು. “ಕೋಪಂ ಬಂದದ ರೀ ನಂಗ. ಇವತ್ತಿಗೆ ಹೋಗೋ ಹಂಗಿಲ್ಲ ಅದು.”

ಹೋಗಬೇಕಾಗಿಯೂ ಇಲ್ಲ ಎಂದು ಹಿರಿಯಣ್ಣನಿಗೆ ಅನ್ನಿಸಿತು. ಅವಳು ಎದ್ದು ಹೋದ ಮೇಲೆ ಅವನು ಯಂತ್ರದ ಮುಂದೆ ಕೂತು, ಎಂಟು ಸಲ ಇ ಹೊಡೆದು, ಉಳಿದ ಹದಿನೆಂಟು ವರದಿಗಳ ಪಟ್ಟಿಯನ್ನು ಸರಿಯಾದ ತಲೆಸಾಲಿನೊಂದಿಗೆ ವಿಜಯವಾಡಕ್ಕೆ ಕಳಿಸಿ, ಕೆಳಗೆ ತನ್ನ ಗುರುತು ಹಾಕಿದ. ಇಪ್ಪತ್ತೈದು ವರ್ಷದ ಹೆಮ್ಮೆ ಅಲ್ಲಿಗೆ ಮುಗಿಯಿತು. ವಿಚಿತ್ರವೆಂದರೆ, ಅವನಿಗೆ ಹಗುರವೆನ್ನಿಸಿತು.

ಮಾರನೆಯ ದಿನ, ಭಾನುವಾರ ಹನ್ನೊಂದು ಗಂಟೆಗೆ, ಗಾಜುವಾಕದ ಮನೆಯ ಬಾಗಿಲು ಯಾರೋ ತಟ್ಟಿದರು. ನೋಡಿದರೆ ಸುಮಿತ್ರಾ. ಹಿರಿಯಣ್ಣ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದ. ಅವಳು ಅವನ ಕಡೆ ಹೆಚ್ಚು ನೋಡಲಿಲ್ಲ. ಆಂಟೀನ ನೋಡೋಣ ಅಂತ ಬಂದೆ ಎಂದು ಒಳಗೆ ಬಂದಳು. ಹತ್ತೊಂಬತ್ತನ್ನೂ ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳುತ್ತಿದ್ದೆ ಎಂದು ನಿನ್ನೆ ಹಿರಿಯಣ್ಣನೇ ಹೇಳಿದ್ದನಲ್ಲ, ಅದಕ್ಕೆ ಬಂದಿದ್ದಳು. ತನ್ನ ವರದಿಗಳಿಗೆ ಇದ್ದ ಒಬ್ಬರೇ ಓದುಗರ ಮುಖ ಹೇಗಿದೆ ಎಂದು ನೋಡಲು.

ಸುಶೀಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಬಂದಳು. ಈ ಹುಡುಗಿಯನ್ನು ಅವಳು ಕಂಡದ್ದು ಅದೇ ಮೊದಲು. ಆದರೆ ಪರಿಚಯ ಮಾಡಿಕೊಳ್ಳಲಿಲ್ಲ, ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ, ಮೊದಲ ಪುಟದ ಮಾತೂ ಎತ್ತಲಿಲ್ಲ. ಅವಳ ಮುಖ ನೋಡಿದ ಕೂಡಲೇ, ಮೂರು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತೊಂದನ್ನು ಕೇಳಿದಳು.

“ಆ ಪೆಂದುರ್ತಿ ಇಸ್ಕೂಲಿನ ಬಾವಿ, ಅದ್ಕೆ ಮುಚ್ಚಳ ಹಾಕಿದ್ರೇನವ್ವ?”

ಕೆಲಸ ಹೋದ ಕಾಗದ ಓದಿದಾಗ ಒಣಗಿಯೇ ಇದ್ದ ಸುಮಿತ್ರಾಳ ಕಣ್ಣು ತುಂಬಿಕೊಂಡಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯ ಕಡೆ ನೋಡಿದಳು, ಗೋಡೆಯ ಗಡಿಯಾರ ನೋಡಿದಳು.

“ಗೊತ್ತಿಲ್ರಿ ಆಂಟಿ,” ಎಂದಳು. “ಈಗ ಹೋಗಿ ನೋಡಿ ಬರ್ತೀನಿ.”

ಊಟ ಮಾಡಿಕೊಂಡು ಹೋಗು ಎಂದು ಸುಶೀಲಮ್ಮ ಅವಳ ಕೈ ಹಿಡಿದು ಕೂರಿಸಿದಳು. ಹಿರಿಯಣ್ಣ ಒಳಗೆ ಹೋಗಿ, ಅಂಗಿಯ ಜೇಬಿನಲ್ಲಿದ್ದ, ತಲೆಸಾಲು ಬರೆಯುವ ಕೆಂಪು ಪೆನ್ಸಿಲನ್ನು ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟ.